ಗುರುಬಾಯಿ ಹೊಳೆ ದಾಟಿ ಬಂದ ಮಳೆಗಾಲ

ಈ ಶ್ರಾವಣದಲ್ಲಿ ಅತ್ತೆಯವರನ್ನು ಕರೆದುಕೊಂಡು ಘತ್ತರಗಿಗೆ ಹೋಗಿದ್ದೆ. ಅಮಾವಾಸ್ಯೆಯ ಜನಜಂಗುಳಿ. ಭಾಗ್ಯವಂತಿ ದೇವಿಯ ದರ್ಶನಕ್ಕೆ ಅತ್ತೆ ಪಾಳಿಯಲ್ಲಿ ನಿಂತರು. ನಾನು ಅವರ ಚಪ್ಪಲಿ ಕಾಯುತ್ತ ಹೊಳೆಯ ಮೆಟ್ಟಿಲ ಮೇಲೆ ಕೂತೆ. ಮೇಲೆ ಮಹಾರಾಷ್ಟ್ರದ ಕಡೆ ಮಳೆ ಜೋರಾಗಿರಬೇಕು, ಭೀಮೆಗೆ ಹೊಸನೀರು ಬಂದಿತ್ತು. ಹೊಸನೀರಿಗೆ ಅದರದೇ ಒಂದು ವಾಸನೆ ಇದೆ. ಕರಿಮಣ್ಣು, ಕೊಳೆತ ಜೋಳದ ದಂಟು, ಯಾವುದೋ ದೂರದ ಊರಿನ ತಿಪ್ಪೆ, ಹಸಿ ಕಟ್ಟಿಗೆ, ಎಲ್ಲ ಒಟ್ಟಿಗೆ ಕಲಸಿದಂಥ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನಾನು ನೌಕರಿಗೆ ಸೇರಿದ ಮೊದಲ ಮಳೆಗಾಲ ಎದುರಿಗೆ ಬಂದು ನಿಂತಿತು. ಆ ಮಳೆಗಾಲದಲ್ಲಿ ಒಬ್ಬ ಹೆಂಗಸನ್ನು ಕಂಡೆ. ಆಮೇಲೆ ಎಷ್ಟೋ ಜನರನ್ನು ಕಂಡಿದ್ದೇನೆ. ಆಕೆಯಂಥವರನ್ನು ಮಾತ್ರ ಮತ್ತೆ ಕಾಣಲಿಲ್ಲ.

ನನ್ನ ಊರು ಆಳಂದ. ಪರೀಕ್ಷೆ ಪಾಸಾಗಿ ಗ್ರಾಮ ಲೆಕ್ಕಾಧಿಕಾರಿಯಾಗಿ ಜೇವರ್ಗಿ ತಾಲೂಕಿಗೆ ಹೋದಾಗ ನನಗೆ ಇನ್ನೂ ಹುಡುಗಿಯ ಮುಖವೇ ಇತ್ತು. ಕೊಳಕೂರ ಮತ್ತು ಸುತ್ತಲ ಕೆಲವು ಹಳ್ಳಿ ನನ್ನ ಪಾಲಿಗೆ ಬಂದವು. ಹೊಲದ ಪಹಣಿ, ಬೆಳೆ ಸಮೀಕ್ಷೆ ಎಲ್ಲ ಇದ್ದವು. ಆದರೆ ಆ ವರ್ಷ ನನ್ನ ಹೊತ್ತೆಲ್ಲ ಹೋದದ್ದು ಪಿಂಚಣಿ ಅರ್ಜಿಗಳಿಗೆ. ಸರ್ಕಾರ ಅದನ್ನು ಸಾಮಾಜಿಕ ಭದ್ರತೆ ಅನ್ನುತ್ತದೆ, ನಮ್ಮ ಕಡೆಯ ಜನ ಪಗಾರ ಅನ್ನುತ್ತಾರೆ. ಮುಪ್ಪಿನ ಪಗಾರ, ವಿಧವಾ ಪಗಾರ, ಅಂಗವಿಕಲರ ಪಗಾರ. ಅರ್ಜಿ ಹಾಕಿದವರ ಮನೆಗೆ ನಾನು ಹೋಗಬೇಕು, ಕಣ್ಣಾರೆ ನೋಡಬೇಕು. ಈಕೆ ನಿಜಕ್ಕೂ ಮುದುಕಿಯೇ, ಇವನ ಕಾಲು ನಿಜಕ್ಕೂ ಹೋಗಿದೆಯೇ, ಈಕೆಯ ಗಂಡ ನಿಜಕ್ಕೂ ಸತ್ತಿದ್ದಾನೆಯೇ? ನೋಡಿ ಬಂದು ಕೆಳಗೆ ಒಂದು ಶಬ್ದ ಬರೆಯಬೇಕು. ಅರ್ಹರು, ಇಲ್ಲವೇ ಅನರ್ಹರು.

ಮೊದಮೊದಲು ಅದು ಬರೀ ಕೆಲಸ ಅನಿಸಿತ್ತು. ಆದರೆ ಮನೆಯಿಂದ ಮನೆಗೆ ಹೋದಂತೆ ಮೈ ಜುಮ್ಮೆನ್ನತೊಡಗಿತು. ಜೀವಮಾನವೆಲ್ಲ ಕಳೆ ಕಿತ್ತು ಕಿತ್ತು ಹೆಬ್ಬೆರಳಿನ ಗೆರೆಗಳೇ ಅಳಿಸಿಹೋದ ಹೆಂಗಸರು ನನ್ನ ಮುಂದೆ ಕೈ ಚಾಚುತ್ತಿದ್ದರು. ಯಂತ್ರ ಆ ಬೆರಳುಗಳನ್ನು ಗುರುತಿಸುತ್ತಿರಲಿಲ್ಲ. ತನ್ನ ವಯಸ್ಸು ಎಷ್ಟೆಂದು ಗೊತ್ತಿಲ್ಲದ ಒಬ್ಬ ಹಣ್ಣಾದ ಮುತ್ಯಾ ನನ್ನ ಮುಖ ನೋಡಿ, "ನೀವೇ ನೋಡಿ ಹೇಳ್ರಿ ಬಾಯಿ, ನಂಗೆಷ್ಟಾಗಿರಬಹುದು?" ಎಂದು ಕೇಳಿದ್ದ. ಇಷ್ಟು ದೊಡ್ಡ ಬದುಕುಗಳ ಮುಂದೆ ನಾನು ಪೆನ್ನು ಹಿಡಿದು ಕೂಡುವುದೇ ಒಂದು ಸೋಜಿಗವಾಗಿ ಕಾಣುತ್ತಿತ್ತು.

ದಾರಿ ತೋರಿಸಲು ನನ್ನ ಜೊತೆ ಗ್ರಾಮ ಸಹಾಯಕ ಮೌಲಾಲಿ ಇರುತ್ತಿದ್ದ. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ, ಬಿಳಿ ಟೋಪಿ, ಕೈಯಲ್ಲಿ ಸದಾ ಒಂದು ಛತ್ರಿ. ಮಳೆ ಬಂದರೆ ಛತ್ರಿಯನ್ನು ತನಗೆ ಹಿಡಿಯುತ್ತಿರಲಿಲ್ಲ, ನನ್ನ ಕಾಗದದ ಚೀಲಕ್ಕೆ ಹಿಡಿಯುತ್ತಿದ್ದ. "ನಾವು ಹಸಿ ಆದ್ರ ಒಣಗತೇವ್ರಿ. ಮಂದಿ ಅರ್ಜಿ ಹಸಿ ಆದ್ರ ಒಣಗಂಗಿಲ್ಲ" ಅನ್ನುತ್ತಿದ್ದ.

ಗುರುಬಾಯಿಯ ಅರ್ಜಿ ಬಂದದ್ದು ಮುಂಗಾರಿನ ಮೊದಲ ವಾರಗಳಲ್ಲಿ. ವಿಧವಾ ಪಿಂಚಣಿಗೆ. ಗಂಡ ಬಹಳ ವರ್ಷಗಳ ಹಿಂದೆ ಸೊಲ್ಲಾಪುರದ ಕಡೆ ದುಡಿಯಲು ಹೋದವನು ಅಲ್ಲೇ ತೀರಿಕೊಂಡ ಎಂದು ಅರ್ಜಿಯಲ್ಲಿ ಬರೆದಿತ್ತು. ಮರಣ ಪ್ರಮಾಣಪತ್ರ ಇರಲಿಲ್ಲ. ಅದರ ಬದಲು ಊರಿನ ಇಬ್ಬರು ಹಿರಿಯರು ಹೌದೆಂದು ಹೇಳಲು ತಯಾರಿದ್ದರು. ಶ್ರಾವಣದಲ್ಲಿ ಪರಿಶೀಲನೆಗೆ ಹೋದೆವು. ಫರಸಿ ಕಲ್ಲಿನ ಸಣ್ಣ ಮನೆ. ಅಂಗಳ ಸೆಗಣಿಯಿಂದ ಸಾರಿಸಿ ಚೊಕ್ಕವಾಗಿತ್ತು. ಹೊಸ್ತಿಲ ಹತ್ತಿರ ಒಂದು ಕಾಲು ಚಾಚಿಕೊಂಡು ಕೂತ ಹೆಂಗಸು ಹೆಸರಿನ ಕಾಯಿ ಬಿಡಿಸುತ್ತಿದ್ದಳು. ಎತ್ತರದ ಆಳು, ಹಣೆ ತುಂಬ ಇಬತ್ತಿಯ ಬಿಳಿ ಪಟ್ಟೆ, ಅದರ ಕೆಳಗೆ ಕುಂಕುಮ, ಕೈ ತುಂಬ ಹಸಿರು ಬಳೆ. ಹಿಂದಿನ ವರ್ಷ ಕೂಲಿಗೆ ಹೋಗುವಾಗ ಟ್ರ್ಯಾಕ್ಟರಿನ ಟ್ರಾಲಿಯಿಂದ ಬಿದ್ದು ಆಕೆಯ ಮೊಣಕಾಲು ಕೆಟ್ಟಿತ್ತು. ಇಜೇರಿಗೆ ಕೊಟ್ಟ ಮಗಳು ಮಹಾದೇವಿ ಅವತ್ತು ತವರಿಗೆ ಬಂದಿದ್ದಳು.

ಕೈಬಳೆ ನೋಡಿಯೇ ನನಗೆ ಅನುಮಾನ ಬಂತು. ಆದರೂ ಕೇಳಿದೆ, "ಅವ್ವಾ, ನಿಮ್ಮ ಯಜಮಾನ್ರು ತೀರಿಕೊಂಡದ್ದು ಯಾವಾಗ?"

ಆಕೆಯ ಕೈ ನಿಂತಿತು. "ಯಾರು ತೀರಿಕೊಂಡಾರಂತ?"

"ಅರ್ಜಿದಾಗ ಹಂಗ ಬರದದ."

"ಯಾರು ಬರದಾರ?"

ಮಹಾದೇವಿ ಒಳಗಿನಿಂದ ಬಂದಳು. ಮುಖ ಕೆಂಪಾಗಿತ್ತು. "ನಾನೇ ಬರಸೀನಿ ಯವ್ವಾ. ಅಪ್ಪ ಹೋಗಿ ಎಷ್ಟು ವರ್ಷಾತು? ಇದ್ದಿದ್ರ ಒಮ್ಮೆರೆ ಬರ್ತಿರಲಿಲ್ಲೇನು? ನಿನ್ನ ಮೊಣಕಾಲು ನೋಡ್ಕೋ. ಕೂಲಿಗಿ ಹೋಗಾಕ ಆಗಂಗಿಲ್ಲ. ತಿಂಗಳಾ ತಿಂಗಳಾ ಪಗಾರ ಬಂದ್ರ ಉಣ್ಣಾಕರೆ ಆಗ್ತದ."

"ಉಣ್ಣಾಕ ನಾ ಅವನ್ನ ಸಾಯಿಸ್ಲೇನು?"

ಗುರುಬಾಯಿ ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ದನಿಯಲ್ಲಿ ಸ್ವಲ್ಪವೂ ಕಹಿ ಇರಲಿಲ್ಲ. "ಅಕ್ಕೋರೆ, ಕುಂಡ್ರಿ. ಮಳ್ಯಾಗ ಬಂದೀರಿ. ಬಿಸಿ ರೊಟ್ಟಿ ಮಾಡಿಸ್ತೇನಿ, ಪುಂಡಿಪಲ್ಲೆ ಅದ, ಉಣ್ರಿ. ಆದ್ರ ಆ ಕಾಗದ ಚೀಲದಾಗ ಇಡ್ರಿ."

ನಾನು ಕೂತೆ. ಕಾಯಿದೆ ತಿಳಿಸಿ ಹೇಳುವುದು ನನ್ನ ಕೆಲಸ, ಹೇಳಿದೆ. ಮುಪ್ಪಿನ ಪಿಂಚಣಿಗೆ ಆಕೆಯ ವಯಸ್ಸು ಇನ್ನೂ ತುಂಬಿಲ್ಲ. ಮೊಣಕಾಲಿನ ಪೆಟ್ಟು ಅಂಗವಿಕಲರ ಪಿಂಚಣಿಯ ಅಳತೆಗೆ ಸಾಲುವುದಿಲ್ಲ. ಗಂಡ ಇದ್ದಾನೆ ಎಂದರೆ ವಿಧವಾ ಪಿಂಚಣಿ ಬರುವುದಿಲ್ಲ. ಬಿಟ್ಟುಹೋದವನ ಹೆಂಡತಿ ಎಂದು ಬರೆಯೋಣವೆಂದರೆ ಅದಕ್ಕೆ ಸರಿಹೊಂದುವ ಯೋಜನೆ ನನ್ನ ಕೈಯಲ್ಲಿಲ್ಲ. ಆಕೆ ಎಲ್ಲವನ್ನೂ ಗಮನವಿಟ್ಟು ಕೇಳಿದಳು.

"ಹಂಗಾರ ನಾ ಹೆಬ್ಬಟ್ಟು ಒತ್ತಿದ್ರ ಅಂವ ಸತ್ತಂಗ?"

"ಕಾಗದದಾಗ ಹಂಗ ಆಗ್ತದ ಅವ್ವಾ."

"ಬ್ಯಾಡ್ರಿ."

ನನಗೆ ಕುತೂಹಲ ತಡೆಯಲಾಗಲಿಲ್ಲ. "ಅವರ ಮ್ಯಾಲೆ ನಿಮಗ ಅಷ್ಟು ಜೀವ ಅದ ಏನು?"

ಆಕೆ ನಕ್ಕುಬಿಟ್ಟಳು. ಹೊಟ್ಟೆಯಿಂದ ಎದ್ದು ಬಂದ ದೊಡ್ಡ ನಗು. "ಜೀವ? ಎಲ್ಲೀದ್ರಿ! ನಂಗ ಅವನ ಮ್ಯಾಲೆ ಸಿಟ್ಟದ. ಸತ್ತೋರ ಮ್ಯಾಲೆ ಯಾರರೆ ಸಿಟ್ಟು ಮಾಡ್ತಾರೇನ್ರಿ? ಅವನಿಗೊಂದು ಮಾತು ಹೇಳೋದದ. ಅದನ್ನ ಹೇಳೋತನಕ ನನ್ನ ಲೆಕ್ಕದಾಗ ಅಂವ ಇದ್ದಾನ."

"ಏನು ಮಾತು?"

"ಅವನಿಗಿ ಹೇಳೋದ್ರಿ. ನಿಮಗಲ್ಲ."

ರೊಟ್ಟಿ ಉಂಡು ಎದ್ದೆವು. ಅನರ್ಹರು ಎಂದು ಬರೆದೆ, ಬೇರೆ ಏನು ಬರೆಯಲಿ? ಅರ್ಜಿದಾರಳೇ ತನ್ನ ಗಂಡ ಜೀವಂತ ಎಂದು ಹೇಳುತ್ತಿದ್ದಾಳೆ. ಹೊಲದ ದಾರಿಯಲ್ಲಿ ಕರಿಮಣ್ಣು ಚಪ್ಪಲಿಗೆ ಹತ್ತಿ ಕಾಲು ಎತ್ತಲಾಗದಷ್ಟು ಭಾರವಾಗಿತ್ತು. ಮೌಲಾಲಿ ಛತ್ರಿಯ ತುದಿಯಿಂದ ತನ್ನ ಚಪ್ಪಲಿಯ ಮಣ್ಣು ಕೆರೆದ. ಆಮೇಲೆ ಹೇಳಿದ, "ಬಾಯಿ, ಎಷ್ಟೋ ಸಾಹೇಬರ ಜೋಡಿ ತಿರಗೀನಿ. ಜೀವಂತ ಗಂಡನ್ನ ಸತ್ತಾನ ಅಂತ ಬರಸಿದೋರನ್ನ ನೋಡೀನಿ. ಇಂಥಾಕಿನ್ನ ನೋಡಿಲ್ಲ. ಮನ್ಯಾಗ ಜ್ವಾಳ ಎಷ್ಟದ ಅಂತ ನಂಗ ಗೊತ್ತದ್ರಿ."

ಆ ವರ್ಷ ಮಳೆ ನಿಲ್ಲುವ ಮಾತೇ ಆಡಲಿಲ್ಲ. ಹೆಸರು ಕೈಗೆ ಬಂತು, ಉದ್ದು ಗಿಡದಲ್ಲೇ ಕೊಳೆಯಿತು. ತೊಗರಿಯ ಬುಡದಲ್ಲಿ ನೀರು ನಿಂತು ಎಲೆ ಹಳದಿಯಾದವು. ಮಹಾನವಮಿ ಹತ್ತಿರ ಬಂದಾಗ ರಜೆ ಹಾಕಿ ಆಳಂದಕ್ಕೆ ಹೋಗಿದ್ದೆ. ನಾನು ಅಲ್ಲಿದ್ದಾಗಲೇ ಮೇಲಿನ ಆಣೆಕಟ್ಟುಗಳಿಂದ ನೀರು ಬಿಟ್ಟರು. ಭೀಮೆ ದಂಡೆ ಬಿಟ್ಟು ಹೊಲಕ್ಕೆ ಬಂತು, ಹೊಲ ಬಿಟ್ಟು ಊರಿಗೆ ಬಂತು. ಜೇವರ್ಗಿಗೆ ಹೋಗುವ ಸೇತುವೆಯ ಮೇಲೆ ವಾಹನ ಬಿಡುವುದನ್ನು ನಿಲ್ಲಿಸಿದರು. ನನ್ನ ತಾಲೂಕಿಗೆ ಹೋಗಲು ನನಗೆ ದಾರಿಯೇ ಇರಲಿಲ್ಲ. ಫೋನಿನಲ್ಲಿ ಅಪ್ಪಣೆ ಬಂತು: ಹೊಳೆಯ ಈಚೆ ಕಡೆ ಸಿಕ್ಕಿಕೊಂಡ ಸಿಬ್ಬಂದಿ ಅಫಜಲಪುರ ತಾಲೂಕಿನ ನೆರೆ ಸಂತ್ರಸ್ತರ ಕಾಳಜಿ ಕೇಂದ್ರಗಳಿಗೆ ಹೋಗಬೇಕು. ನನಗೆ ಬಂದದ್ದು ಘತ್ತರಗಿ.

ಊರ ದಿಬ್ಬದ ಮೇಲಿನ ಶಾಲೆಯಲ್ಲಿ ಕೇಂದ್ರ. ಅಲ್ಲಿಂದ ನಿಂತು ನೋಡಿದರೆ ಹೊಳೆಗೆ ಆಚೆ ದಂಡೆಯೇ ಇರಲಿಲ್ಲ. ಕಣ್ಣು ಹೋದಷ್ಟು ದೂರ ಕಂದು ನೀರು. ಸೇತುವೆ ಎಲ್ಲಿದೆ ಎಂದು ತಿಳಿಯುತ್ತಿದ್ದುದು ಆ ಜಾಗದಲ್ಲಿ ನೀರು ಮಡಿಕೆ ಬಿದ್ದು ಹರಿಯುತ್ತಿದ್ದುದರಿಂದ. ಗುಡಿಯ ಮೆಟ್ಟಿಲೆಲ್ಲ ಮುಳುಗಿದ್ದವು. ಇಡೀ ಬೇವಿನ ಮರವೊಂದು ಬೇರು ಸಮೇತ ತೇಲಿಹೋಯಿತು, ಅದರ ಕೊಂಬೆಯಲ್ಲಿ ಹಕ್ಕಿಗಳು ಕೂತೇ ಇದ್ದವು. ಸದ್ದು ಮಾತ್ರ ಬಹಳ ಕಡಿಮೆ. ಅಷ್ಟು ದೊಡ್ಡ ನೀರು ಅಷ್ಟು ಸುಮ್ಮನೆ ಹೋಗುವುದನ್ನು ನೋಡಿ ನನ್ನ ಜೊತೆಗಿದ್ದವರು ಕೈ ಮುಗಿದರು. ನಾನೂ ಮುಗಿದೆ.

ಕೇಂದ್ರದಲ್ಲಿ ನನ್ನ ಕೆಲಸ ಬಂದವರ ಹೆಸರು, ಊರು ಬರೆದುಕೊಂಡು ಹಾಸಿಗೆ, ಊಟದ ವ್ಯವಸ್ಥೆ ನೋಡುವುದು. ಎಲ್ಲರಿಗೂ ಒಂದು ಹೆಸರಿತ್ತು, ಊರಿತ್ತು. ಒಬ್ಬನಿಗೆ ಮಾತ್ರ ಇರಲಿಲ್ಲ. ಗುಡಿಯ ಮುಂದೆ ಕಾಯಿ ಕರ್ಪೂರ ಮಾರುವ ಚಂದ್ರಾಬಾಯಿ ನೀರು ಏರಿದಾಗ ಅವನನ್ನು ನಾಲ್ಕು ಮಂದಿಯ ಕೈಯಲ್ಲಿ ಹೊರಿಸಿಕೊಂಡು ಬಂದಿದ್ದಳು. ಗಡ್ಡ ಬಿಟ್ಟ ಮುದುಕ. ಬಲಗಡೆಯ ಕೈ ಕಾಲು ಲಕ್ವಾ ಹೊಡೆದು ಸತ್ತಿದ್ದವು.

"ಯಾರು ಏನು ಗೊತ್ತಿಲ್ರಿ ಬಾಯಿ" ಎಂದಳು ಚಂದ್ರಾಬಾಯಿ. "ಹೋದ ಬ್ಯಾಸಗ್ಯಾಗ ಎಲ್ಲಿಂದೋ ನಡಕೋತ ಬಂದ. ಮೆಟ್ಲ ಕಸ ಹೊಡೀತಿದ್ದ, ನನ್ನ ಅಂಗಡಿ ಹಿಂದಿನ ಶೆಡ್ಡಿನಾಗ ಮಲಗ್ತಿದ್ದ. ಊರು ಯಾವುದೋ ಮುತ್ಯಾ ಅಂದ್ರ ಹೇಳ್ತಿರಲಿಲ್ಲ. ಮಳಿ ಸುರು ಆದ ಮ್ಯಾಲೆ ಲಕ್ವಾ ಹೊಡೀತು. ಈಗ ಹೇಳಬೇಕಂದ್ರೂ ಬಾಯಿ ಇಲ್ಲ. ಕೆಮ್ಮಿದಂಗ ಒಂದೇ ಸಪ್ಪಳ ಮಾಡ್ತಾನ."

ಆ ಸಪ್ಪಳ ನಾನೂ ಕೇಳಿದೆ. ಅನ್ನ ತಿನ್ನಿಸಲು ಹೋದರೆ ಅದೇ, ನೀರು ಕೊಟ್ಟರೆ ಅದೇ. "ಕೊ...ಊರ. ಕೊ...ಊರ." ಕೋಳಿ ಕರೆಯುತ್ತಾನೆ ಎಂದು ಮಕ್ಕಳು ನಗುತ್ತಿದ್ದರು. ಒಂದು ಮುಂಜಾನೆ ಅವನ ತಲೆದಿಂಬು ಸರಿ ಮಾಡಲು ಬಗ್ಗಿದಾಗ ಕಿವಿಗೆ ಹತ್ತಿರದಿಂದ ಬಿತ್ತು. ನಾನು ದಿನವೂ ಟಂಟಂ ಆಟೋ ಹತ್ತಿ ಹೋಗುತ್ತಿದ್ದ ಊರಿನ ಹೆಸರು ಅದು. ಚಾಲಕರು ಸ್ಟ್ಯಾಂಡಿನಲ್ಲಿ ಕೂಗುತ್ತಿದ್ದ ಹೆಸರು.

"ಕೊಳಕೂರ ಏನು ಮುತ್ಯಾ? ಕೊಳಕೂರ?"

ಎಡಗೈ ನನ್ನ ಮಣಿಕಟ್ಟು ಹಿಡಿಯಿತು. ಅಷ್ಟು ಬಲ ಆ ಮೈಯಲ್ಲಿ ಎಲ್ಲಿತ್ತೋ! ಬಿಡಿಸಿಕೊಳ್ಳಲಾಗಲಿಲ್ಲ. "ಕೊಳಕೂರ" ಎಂದ, ಈ ಸಲ ಪೂರಾ.

ಮೌಲಾಲಿಗೆ ಫೋನ್ ಹಚ್ಚಿದೆ, ಮುದುಕನ ಫೋಟೋ ತೆಗೆದು ಕಳಿಸಿದೆ. ಗುರುಬಾಯಿಯ ಹೆಸರು ನಾನು ಎತ್ತಲಿಲ್ಲ, ನನ್ನ ಮನಸ್ಸಿಗೆ ಬಂದಿತ್ತು ಅಷ್ಟೆ. ಅವನೂ ಎತ್ತಲಿಲ್ಲ. ಊರಿನಲ್ಲಿ ನಾಲ್ಕು ಮಂದಿ ಹಿರಿಯರಿಗೆ ತೋರಿಸಿದನಂತೆ. ಗಡ್ಡದೊಳಗೆ ಮುಖ ಸಿಗುತ್ತಿಲ್ಲ ಎಂದರಂತೆ. ಕಡೆಗೆ ಹೆದರಿಕೊಂಡೇ ಗುರುಬಾಯಿಯ ಮನೆಗೆ ಹೋಗಿ ಮೊಬೈಲು ಆಕೆಯ ಕೈಗೆ ಕೊಟ್ಟನಂತೆ.

"ಏನಂದ್ಲು?" ಎಂದು ಕೇಳಿದೆ.

"ಏನೂ ಅನ್ನಲಿಲ್ರಿ. ನೋಡಿ ತಿರುಗಿ ಕೊಟ್ಲು. ಸೇತುವಿ ಯಾವಾಗ ತೆರೀತಾರ ಅಂತ ಕೇಳಿದ್ಲು."

ನೀರು ಬಂದಂತೆಯೇ ಸದ್ದಿಲ್ಲದೆ ಇಳಿಯಿತು. ಹೊಲಗಳ ಮೇಲೆ ಮೊಣಕಾಲು ಮಟ್ಟದ ಕೆಸರು ಬಿಟ್ಟು ಹೋಯಿತು. ಜನ ಗಂಟುಮೂಟೆ ಕಟ್ಟಿ ಮನೆಗೆ ಹೊರಟರು. ಕೇಂದ್ರ ಮುಚ್ಚುವ ದಿನ ಮೇಲಧಿಕಾರಿಗಳು ಬಂದು ಅಂಗಳದಲ್ಲಿ ಮೇಜು ಹಾಕಿ ಕೂತರು. ಹೆಸರು ಊರಿಲ್ಲದ ನಿರ್ಗತಿಕರನ್ನು ಕಲಬುರಗಿಯ ನಿರಾಶ್ರಿತರ ಕೇಂದ್ರಕ್ಕೆ ಕಳಿಸುವುದು ನಿಯಮ. ವ್ಯಾನು ಬಂದು ನಿಂತಿತ್ತು. ನಾನು ಅಧಿಕಾರಿಗಳಿಗೆ ವಿಷಯ ಹೇಳಿದೆ. ಅವರು ಕೆಟ್ಟವರಲ್ಲ, ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿದ್ದವು. "ಒಂದು ಶಬ್ದದ ಮ್ಯಾಲೆ ಯಾರ ಗುರುತು ಹಿಡಿಯೋದ್ರೀ? ಯಾರರೆ ಬಂದು ಹೇಳಬೇಕಲ್ಲ? ಊಟದ ಹೊತ್ತಿನತನಕ ನೋಡೋಣು" ಎಂದರು.

ಊಟದ ಹೊತ್ತಿಗೆ ಮುಂಚೆ ಒಂದು ಟಂಟಂ ಬಂದು ನಿಂತಿತು. ಮೌಲಾಲಿ ಇಳಿದ, ಮಹಾದೇವಿ ಇಳಿದಳು, ಇಬ್ಬರ ಭುಜ ಹಿಡಿದು ಗುರುಬಾಯಿ ಇಳಿದಳು. ಘತ್ತರಗಿಯ ಸೇತುವೆ ಇನ್ನೂ ನೀರಿನಲ್ಲಿತ್ತು. ಜೇವರ್ಗಿಗೆ ಹೋಗಿ, ಅಲ್ಲಿ ಮತ್ತೆ ತೆರೆದಿದ್ದ ಸೇತುವೆಯಿಂದ ಹೊಳೆ ದಾಟಿ, ಕಲಬುರಗಿ ಸುತ್ತಿ, ಅಫಜಲಪುರಕ್ಕೆ ಬಂದು, ಅಲ್ಲಿಂದ ಇಲ್ಲಿಗೆ. ಆ ಮೊಣಕಾಲು ಕಟ್ಟಿಕೊಂಡು. ನನ್ನನ್ನು ನೋಡಿ "ಆರಾಮಿದ್ದೀರೇನ್ರಿ ಅಕ್ಕೋರೆ?" ಎಂದು ಕೇಳಿದಳು. ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದುಕೊಂಡಳು, ಮುಖ ತೊಳೆದುಕೊಂಡಳು. ಆಮೇಲೆ ಒಳಗೆ ಬಂದಳು.

ಅವನು ಕಪ್ಪು ಹಲಗೆಯ ಕೆಳಗೆ ಚಾಪೆಯ ಮೇಲೆ ಮಲಗಿದ್ದ. ಆಕೆ ನಿಂತು ನೋಡಿದಳು. ಅವನೂ ನೋಡಿದ.

"ಕೊಳಕೂರ" ಎಂದ.

ಆಕೆ ಗೋಡೆ ಹಿಡಿದು, ಕೆಟ್ಟ ಕಾಲನ್ನು ಮುಂದೆ ಚಾಚಿ, ನಿಧಾನಕ್ಕೆ ಅವನ ಹತ್ತಿರ ಕೂತಳು. "ಹೌದು, ಕೊಳಕೂರ. ಅಲ್ಲಿಂದೇ ಬಂದೀನಿ. ಹೆಸರು ನೆನಪದ ಅಲಾ ನಿಂಗ?"

ಬಾಗಿಲಲ್ಲಿ ನಾನು, ಮೌಲಾಲಿ, ಚಂದ್ರಾಬಾಯಿ ನಿಂತಿದ್ದೆವು. ಮಹಾದೇವಿ ತಾಯಿಯ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಪ್ಪನ ಮುಖ ಅವಳಿಗೆ ನೆನಪಿರಲಿಲ್ಲ.

ಗುರುಬಾಯಿ ದನಿ ಎತ್ತಲಿಲ್ಲ. ಅಂಗಳದಲ್ಲಿ ಕೂತು ನೆರೆಯವಳ ಜೊತೆ ಮಾತಾಡುವ ದನಿಯಲ್ಲೇ ಹೇಳಿದಳು. "ಕೂಸಿಗಿ ಜ್ವರ ಬಂದಿತ್ತು. ಜೇವರ್ಗಿಗಿ ಹೋಗಿ ಔಷಧ ತರ್ತೇನಿ ಅಂತ ಹ್ವಾದಿ. ನಾ ಕೂಸಿನ್ನ ಎತ್ಕೊಂಡು ಬಾಗಲಾಗ ನಿಂತೆ. ಸಂಜಿ ಆತು, ನೀ ಬರಲಿಲ್ಲ. ಮರುದಿನ ಬರಲಿಲ್ಲ. ಕೂಸು ನನ್ನ ತೊಡಿ ಮ್ಯಾಲೆ ಹೋತು. ನಮ್ಮಣ್ಣ ಬಂದು ಹೂಳಿದ, ತಂದಿ ಹಾಕಬೇಕಾದ ಮಣ್ಣು ಅಂವ ಹಾಕಿದ. ಸೊಲ್ಲಾಪುರದ ಕಡಿ ಹ್ವಾದಿ ಅಂತ ಮಂದಿ ಅಂದ್ರು. ನೀ ಎಲ್ಲಿದ್ದಿ, ಯಾಕ ಹ್ವಾದಿ, ನಾ ಕೇಳಂಗಿಲ್ಲ. ನಿಂಗ ಬಾಯಿನೂ ಇಲ್ಲ ಈಗ. ಆದ್ರ ನಿನ್ನ ಮಗ ಸತ್ತಾನಂತ ನಿಂಗ ಯಾರೂ ಹೇಳಿರಲಿಲ್ಲ. ಇನ್ನೂ ಅದಾನಂತ ತಿಳಕೊಂಡು ಎಲ್ಲೋ ಉಣಕೋತ ತಿನಕೋತ ಇರ್ತಿ ಅನ್ನೋದು ನನಗ ಸುಡ್ತಿತ್ತು. ಹೇಳೋದು ನನ್ನ ಮ್ಯಾಲಿತ್ತು. ಹೇಳೀನಿ. ನಿನ್ನ ಮಗ ಸತ್ತ."

ಅವನ ಮುಖದ ಅರ್ಧ ಭಾಗ ಅಲುಗಾಡಲಿಲ್ಲ, ಅದಕ್ಕೆ ಆಗುತ್ತಿರಲಿಲ್ಲ. ಇನ್ನರ್ಧ ಮುಖ ಹಿಂಡಿದ ಬಟ್ಟೆಯಂತೆ ಮುದುಡಿತು. ಎದೆ ಏರಿಳಿಯಿತು, ಬಾಯಿ ತೆರೆಯಿತು. ಅವನಿಗೆ ಎಷ್ಟು ಹೇಳುವುದಿತ್ತೋ ಯಾರಿಗೆ ಗೊತ್ತು. ಲೋಕದಲ್ಲಿ ಅವನಿಗೆ ಉಳಿದದ್ದು ಒಂದೇ ಶಬ್ದ.

"ಕೊಳಕೂರ" ಎಂದ. "ಕೊಳಕೂರ. ಕೊಳಕೂರ. ಕೊಳಕೂರ."

ಆಕೆ ಕೇಳುತ್ತ ಕೂತಳು. ಪೂರಾ ಕೇಳಿದಳು. ಅವನು ತಾನಾಗಿಯೇ ನಿಲ್ಲಿಸುವವರೆಗೂ ಅಲುಗಲಿಲ್ಲ. ಅಂಥ ಕೇಳುವಿಕೆಯನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತಿದ್ದವು. ಹೊಳೆ ಊರು ನುಂಗಿದ್ದನ್ನು ನೋಡಿದಾಗಲೂ ಹಾಗಾಗಿರಲಿಲ್ಲ. ಆಮೇಲೆ ಆಕೆ ಸೆರಗಿನ ತುದಿಯಿಂದ ಅವನ ಬಾಯಿ ಒರೆಸಿದಳು, ಮಹಾದೇವಿಯ ಕೈ ಹಿಡಿದು ಎದ್ದಳು, ಹೊರಗೆ ಮೇಜಿನ ಹತ್ತಿರ ಬಂದಳು.

ಅಧಿಕಾರಿಗಳು ಕೇಳಿದರು, "ಗುರುತು ಸಿಕ್ತೇನವ್ವಾ? ಯಾರವರು?"

"ನನ್ನ ಗಂಡ್ರಿ."

"ಹೆಸರು?"

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಿಂದ ತೆಗೆಯುವುದಿಲ್ಲ. ಕಚೇರಿಯಲ್ಲಿ ಕೇಳಿದರೆ ನಾಚಿ ಪಕ್ಕದವರ ಕಡೆ ನೋಡುತ್ತಾರೆ, ಮಕ್ಕಳ ಕೈಲಿ ಹೇಳಿಸುತ್ತಾರೆ. ಮೌಲಾಲಿ ಅದನ್ನು ತಿಳಿದೇ ಹೇಳಲು ಮುಂದೆ ಬಂದ. ಗುರುಬಾಯಿ ಕೈ ಅಡ್ಡ ಹಿಡಿದು ಅವನನ್ನು ನಿಲ್ಲಿಸಿದಳು.

"ಶರಣಪ್ಪ" ಎಂದಳು, ಅಂಗಳದಲ್ಲಿದ್ದವರಿಗೆಲ್ಲ ಕೇಳುವಂತೆ. "ಕೊಳಕೂರದ ಶರಣಪ್ಪ. ಬರ್ಕೋರಿ."

ಅವರು ಬರೆದುಕೊಂಡರು. ಹಗುರಾದವರಂತೆ ಪೆನ್ನು ಕೆಳಗಿಟ್ಟರು. "ಚಲೋ ಆತು ನೋಡ್ರಿ. ಟಂಟಂದಾಗ ಮಲಗಿಸಿಕೊಂಡು ಒಯ್ಯಿರಿ. ನಮ್ಮ ಹುಡುಗರು ಎತ್ತತಾರ."

"ಮನಿಗಿ ಒಯ್ಯಂಗಿಲ್ರಿ."

"ಅಂದ್ರ? ಗಂಡ ಅಂತೀರಿ, ಮನಿಗಿ ಒಯ್ಯಂಗಿಲ್ಲ ಅಂತೀರಿ?"

"ಎರಡೂ ಖರೇನೇ ಅದ್ರಿ ಸಾಹೇಬ್ರ."

ಅಧಿಕಾರಿಗಳು ನನ್ನ ಮುಖ ನೋಡಿದರು. ಗುರುಬಾಯಿಯೇ ಹೇಳಿದಳು. "ಆ ಹೊಸ್ತಿಲ ದಾಟಿ ಹೋದಾಂವ, ನಾ ತಿರುಗಿ ಒಳಗ ಕರಕೊಳ್ಳಂಗಿಲ್ಲ. ಅದು ನನ್ನ ಕೈಲಿ ಆಗಂಗಿಲ್ರಿ, ಸುಳ್ಳು ಹೇಳೋದು ಬ್ಯಾಡ. ಆದ್ರ ಹೆಸರಿಲ್ದ ಒಯ್ದು ಎಲ್ಲೋ ಹಾಕಬ್ಯಾಡ್ರಿ. ಅಂವಗ ಹೆಸರದ, ಊರದ, ಮಗಳದಾಳ. ಸರ್ಕಾರ ಏನು ಕೊಡ್ತದ ಕೊಡ್ರಿ ಅವನಿಗಿ. ನಂದೇನಿಲ್ಲ."

ನಾನು ಅಲ್ಲಿಯತನಕ ಆಕೆಯ ಹೊಟ್ಟೆಯ ಚಿಂತೆ ಮಾಡುತ್ತಿದ್ದೆ. ಗಂಡ ಇದ್ದಾನೆಂದು ಎಲ್ಲರೆದುರು ಹೇಳಿ ವಿಧವಾ ಪಿಂಚಣಿಯ ಬಾಗಿಲನ್ನು ಆಕೆಯೇ ಕೈಯಾರೆ ಮುಚ್ಚಿದ್ದಳು. ಅದು ಆಕೆಗೂ ಗೊತ್ತಿತ್ತು. ನಾನೇ ಕೂತು ತಿಳಿಸಿ ಹೇಳಿದ್ದೆನಲ್ಲ.

ಮಧ್ಯೆ ಬಂದವಳು ಚಂದ್ರಾಬಾಯಿ. "ಸಾಹೇಬ್ರ, ಮೊದಲಿಂದ ನನ್ನ ಶೆಡ್ಡಿನಾಗ ಇದ್ದಾನ, ಅಲ್ಲೇ ಇರ್ಲಿ ಬಿಡ್ರಿ. ಪಗಾರ ಮಾಡಿಕೊಟ್ರ ಅವನ ಗಂಜಿಗಿ ಆಗ್ತದ. ನಾ ನೋಡ್ಕೊತೇನಿ." ಗುರುಬಾಯಿ ಆಕೆಯನ್ನು ಒಂದು ಕ್ಷಣ ನೋಡಿ ಎರಡೂ ಕೈ ಹಿಡಿದುಕೊಂಡಳು. ವ್ಯಾನು ಅವನನ್ನು ಬಿಟ್ಟು ಹೋಯಿತು.

ಘತ್ತರಗಿಯ ನನ್ನ ಸಹೋದ್ಯೋಗಿಯ ಬೆನ್ನು ಹತ್ತಿ ಶರಣಪ್ಪನ ಅಂಗವಿಕಲರ ಪಿಂಚಣಿ ಮಾಡಿಸಿದೆವು. ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ದು ಪ್ರಮಾಣಪತ್ರ ತಂದವಳು ಮಹಾದೇವಿ. ಅಪ್ಪನ ಮೇಲಿನ ಅವಳ ಸಿಟ್ಟು ಯಾವ ರೂಪ ತಾಳಿತೋ, ಅವನನ್ನು ಗಾಲಿ ಕುರ್ಚಿಯಲ್ಲಿ ತಳ್ಳುತ್ತ ಇಡೀ ದಿನ ಅವನ ಜೊತೆ ಜಗಳದ ದನಿಯಲ್ಲಿ ಮಾತಾಡುತ್ತಲೇ ಇದ್ದಳು. ಅವನು ಪ್ರತಿಯೊಂದಕ್ಕೂ ಊರ ಹೆಸರು ಹೇಳಿ ಉತ್ತರ ಕೊಡುತ್ತಿದ್ದ. ಕಡೆಗೆ ಅವಳಿಗೇ ನಗು ಬಂತು.

ಗುರುಬಾಯಿ ಆಮೇಲೆ ಅಮಾವಾಸ್ಯೆಗೊಮ್ಮೆ ಘತ್ತರಗಿಗೆ ಹೋಗತೊಡಗಿದಳು. ಊರವರು ದೇವಿಗೆ ಹೋಗುತ್ತಾಳೆ ಎಂದರು. ದೇವಿಗೂ ಹೋಗುತ್ತಿದ್ದಳು. ಕಾಯಿ ಒಡೆಸಿದ ಮೇಲೆ ಚಂದ್ರಾಬಾಯಿಯ ಶೆಡ್ಡಿಗೆ ಬಂದು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಅವನಿಗೆ ತಿನ್ನಿಸುತ್ತ, ಅವನಿಲ್ಲದ ವರ್ಷಗಳ ಸುದ್ದಿಯನ್ನೆಲ್ಲ ಹೇಳುತ್ತಿದ್ದಳಂತೆ. ಅವನ ತಾಯಿ ಹೇಗೆ ಸತ್ತಳು, ಬಾವಿ ಯಾವ ವರ್ಷ ಬತ್ತಿತು, ಮಗಳ ಮದುವೆಗೆ ಯಾರು ಬಂದರು, ಯಾರು ಬರಲಿಲ್ಲ. ನಡುನಡುವೆ ಬೈಯುತ್ತಿದ್ದಳಂತೆ. "ಬೈಗುಳ ಕೇಳಾಕ ಮುಂಜಾನಿಂದ ಬಾಗಲ ಕಡಿ ಮುಖ ಮಾಡಿ ಕಾಯ್ತಾನ್ರಿ ಅಂವ" ಎಂದು ಚಂದ್ರಾಬಾಯಿ ಫೋನಿನಲ್ಲಿ ನನಗೆ ಹೇಳಿದಳು.

ಆ ಚಳಿಗಾಲ ದಾಟಲಿಲ್ಲ ಶರಣಪ್ಪ. ನಿದ್ದೆಯಲ್ಲೇ ಹೋದನಂತೆ. ಹೆಣವನ್ನು ಕೊಳಕೂರಕ್ಕೆ ತಂದರು. ಗುರುಬಾಯಿಯೇ ತರಿಸಿದಳು ಎಂದು ಮೌಲಾಲಿ ಹೇಳಿದ. ಮನೆಯೊಳಗೆ ಒಯ್ಯಲಿಲ್ಲ. ಅಂಗಳದಲ್ಲಿ ಕೂರಿಸಿ ಇಬತ್ತಿ ಹಚ್ಚಿ, ಸೀದಾ ಹೊಲಕ್ಕೆ ಒಯ್ದು, ಆ ಕೂಸನ್ನು ಹೂಳಿದ ಜಾಗದ ಪಕ್ಕದಲ್ಲಿ ಹೂಳಿದರು. ಮಗಳು ಮಣ್ಣು ಹಾಕಿದಳು.

ಕೆಲವು ದಿನ ಕಳೆದು, ನಾನು ಜೇವರ್ಗಿ ಕಚೇರಿಯಲ್ಲಿ ಕೂತಿದ್ದಾಗ ಗುರುಬಾಯಿ ಬಂದಳು. ಪಿಂಚಣಿಯ ದಿನವಾದ್ದರಿಂದ ಪಾಳಿ ಹೊರಗಿನ ಬೇವಿನ ಗಿಡದತನಕ ಹೋಗಿತ್ತು. ಆಕೆ ಪಾಳಿಯಲ್ಲೇ ನಿಂತು, ತನ್ನ ಸರದಿ ಬಂದ ಮೇಲೆಯೇ ನನ್ನ ಮುಂದೆ ಕೂತಳು. ಕುಂಕುಮ ಇರಲಿಲ್ಲ. ಇಬತ್ತಿ ಮೊದಲಿನ ಹಾಗೆಯೇ ಹಣೆ ತುಂಬ ಇತ್ತು. ಮರಣ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ನನ್ನ ಮುಂದೆ ಇಟ್ಟಳು.

"ಈಗ ಬರೀರಿ ಅಕ್ಕೋರೆ."

ನಾನು ಬರೆದೆ. ಅರ್ಜಿಯ ಪ್ರತಿಯೊಂದು ಅಂಕಣವನ್ನೂ ನನ್ನ ಕೈಯಿಂದಲೇ ತುಂಬಿದೆ. ಆಕೆ ನನ್ನ ಪೆನ್ನು ಓಡುವುದನ್ನೇ ನೋಡುತ್ತಿದ್ದಳು. ಹೆಬ್ಬಟ್ಟು ಒತ್ತುವ ಜಾಗ ತೋರಿಸಿದೆ. ಗಟ್ಟಿಯಾಗಿ, ನಿಧಾನವಾಗಿ ಒತ್ತಿದಳು.

"ಇಷ್ಟೇ ಏನ್ರಿ?"

"ಇಷ್ಟೇ ಅವ್ವಾ. ಇನ್ನ ನೀವು ಬರೋದು ಬ್ಯಾಡ. ಮುಂದಿಂದು ನಾ ನೋಡ್ಕೊತೇನಿ."

"ಹಂಗಾರ ಬರ್ತೇನಿ ತಂಗಿ. ಟಂಟಂ ಹೋಗ್ತದ" ಎಂದಳು. ಅಕ್ಕೋರು ಹೋಗಿ ತಂಗಿ ಬಂದದ್ದನ್ನು ಗಮನಿಸುವಷ್ಟರಲ್ಲಿ ಆಕೆ ಮೇಜಿನ ಅಂಚು ಹಿಡಿದು ಎದ್ದಾಗಿತ್ತು.

ಪಾಳಿಯಲ್ಲಿದ್ದವರೆಲ್ಲ ಒಮ್ಮೆಲೇ ಬಾಗಿಲ ಕಡೆ ತಿರುಗಿ ಯಾರನ್ನೋ ಹುಡುಕತೊಡಗಿದರು. ಯಾಕೆಂದು ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು: ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ದೊಡ್ಡ ಸಾಹೇಬರು ಬಂದರೆಂದು ಅವರು ನೋಡುತ್ತಿದ್ದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಹೊರಗಿನ ಬಿಸಿಲಿನಲ್ಲಿ ಎತ್ತರದ ಹೆಂಗಸೊಬ್ಬಳು ಒಂದು ಕಾಲು ಎಳೆಯುತ್ತ ಟಂಟಂ ಸ್ಟ್ಯಾಂಡಿನ ಕಡೆ ನಡೆದು ಹೋಗುತ್ತಿದ್ದಳು.